ನಾಯಿಗೆ ಮೂಳೆ ರಸ: ಒಗ್ಗರಣೆಗೆ ಮುಂಚೆ ಒಂದು ಸೌಟು ತೆಗೆದಿಡಿ

ಒಣ ಬೇಸಾಯದವರ ಮನೇಲಿ ನಾಯಿ ಅಂದ್ರೆ ಶೋಕಿಗೆ ಸಾಕಿದ ಪ್ರಾಣಿ ಅಲ್ಲ. ರಾತ್ರಿ ಕುರಿ ರೊಪ್ಪ ಕಾಯೋದು ಅದು. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸೋದು ಅದು. ಕಣದಲ್ಲಿ ರಾಗಿ ಬಿದ್ದಿರುವಾಗ ನಾವು ಒಂದು ಗಳಿಗೆ ಕಣ್ಣು ಮುಚ್ಚೋದು ಅದರ ಧೈರ್ಯದ ಮೇಲೆ. ಇಷ್ಟಕ್ಕೆಲ್ಲ ನಾವು ಕೊಡೋ ಸಂಬಳ ಏನು? ಬೆಳಿಗ್ಗೆ ತಂಗಳು ಮುದ್ದೆ, ರಾತ್ರಿ ಉಳಿದ ಸಾರು, ಹಬ್ಬ ಬಂದರೆ ಒಂದಷ್ಟು ಮೂಳೆ.

ಆ ಉಳಿದ ಸಾರಿನಲ್ಲಿ ಮತ್ತು ಆ ಮೂಳೆಯಲ್ಲಿ ನಾಯಿಯ ಜೀವಕ್ಕೆ ಎರವಾಗುವ ವಸ್ತು ಇರಬಹುದು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಾಯಿ ಏನು ಹಾಕಿದರೂ ತಿನ್ನುತ್ತೆ, ಏನು ತಿಂದರೂ ಅರಗಿಸಿಕೊಳ್ಳುತ್ತೆ ಅನ್ನೋದು ನಮ್ಮ ನಂಬಿಕೆ. ತಿನ್ನೋದು ನಿಜ, ಅರಗಿಸಿಕೊಳ್ಳೋದು ಸುಳ್ಳು. ಮೂಳೆ ಬೇಯಿಸಿದ ರಸವನ್ನು ಸರಿಯಾದ ಕ್ರಮದಲ್ಲಿ ಮಾಡಿ ಹಾಕಿದರೆ ನಾಯಿಗೆ ಒಳ್ಳೆಯದು, ಖರ್ಚೂ ಇಲ್ಲ. ಕ್ರಮ ತಪ್ಪಿದರೆ ನಾಯಿಗೂ ಕೇಡು, ಕುರಿಗೂ ಕೇಡು, ಮನೆ ಮಕ್ಕಳಿಗೂ ಕೇಡು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಈರುಳ್ಳಿ ರಕ್ತ ಒಡೆಯುತ್ತೆ

ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಬೆಳೆಯುವವರು ಬಹಳ. ರೇಟು ಬಿದ್ದ ವರ್ಷ ಸಾರಿಗೆ ಈರುಳ್ಳಿ ಸುರಿಯೋದಕ್ಕೆ ಲೆಕ್ಕವೇ ಇರೋದಿಲ್ಲ. ಮನುಷ್ಯರಿಗೆ ಅದರಿಂದ ತೊಂದರೆ ಇಲ್ಲ. ನಾಯಿಗೆ ಇದೆ.

ಈರುಳ್ಳಿಯಲ್ಲಿ ಗಂಧಕ ಸೇರಿದ ಕೆಲವು ಅಂಶಗಳಿವೆ. ಕೊಯ್ಯುವಾಗ ಕಣ್ಣಲ್ಲಿ ನೀರು ತರಿಸೋದು, ಘಾಟು ಕೊಡೋದು ಇದೇ ಜಾತಿಯವು. ಇವು ನಾಯಿಯ ಹೊಟ್ಟೆಗೆ ಹೋದ ಮೇಲೆ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತವೆ. ಕೆಟ್ಟ ಕಣ ಒಡೆದು ಹೋಗುತ್ತೆ. ಕೆಂಪು ಕಣ ಕಡಿಮೆ ಆದರೆ ಮೈಗೆ ಉಸಿರು ಸಾಲದು, ನಾಯಿ ಒಣಗಿದ ಗಿಡದ ಹಾಗೆ ಸೊರಗುತ್ತೆ.

ಎಷ್ಟು ತಿಂದರೆ ಅಪಾಯ? ನಾಯಿಯ ತೂಕದ ನೂರರಲ್ಲಿ ಅರ್ಧ ಪಾಲಿಗಿಂತ ಹೆಚ್ಚು ಈರುಳ್ಳಿ ಒಂದೇ ಸಲ ಹೋದರೆ ರಕ್ತ ಕೆಡುತ್ತೆ ಅಂತ ಪಶುವೈದ್ಯ ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆಯ ಸಾಧಾರಣ ನಾಟಿ ನಾಯಿ 15 ಕೆ.ಜಿ. ತೂಗುತ್ತೆ ಅಂತ ಇಟ್ಟುಕೊಳ್ಳಿ. ಅದರ ಲೆಕ್ಕ 75 ಗ್ರಾಂ. ಅಂದ್ರೆ ಒಂದು ಮಧ್ಯಮ ಗಾತ್ರದ ಗಡ್ಡೆ, ಅಷ್ಟೇ. ಒಂದೇ ಸಲ ಅಷ್ಟು ಹೋಗದಿದ್ದರೂ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದ್ದರೆ ಅದೂ ಕೂಡಿಕೊಂಡು ಕೆಡಿಸುತ್ತೆ. ಬೆಳ್ಳುಳ್ಳಿ ಇದೇ ಜಾತಿ, ತೂಕಕ್ಕೆ ತೂಕ ನೋಡಿದರೆ ಈರುಳ್ಳಿಗಿಂತ ಜೋರು.

"ಬೇಯಿಸಿದರೆ ವಿಷ ಹೋಗಲ್ವಾ?" ಅಂತ ಕೇಳುವವರಿದ್ದಾರೆ. ಹೋಗಲ್ಲ. ಹಸಿ ಇರಲಿ, ಬೆಂದದ್ದಿರಲಿ, ಒಣಗಿಸಿ ಪುಡಿ ಮಾಡಿದ್ದಿರಲಿ, ಎಲ್ಲಾ ಒಂದೇ. "ಈರುಳ್ಳಿ ಚೂರು ಆರಿಸಿ ತೆಗೆದು ಬರೀ ಸಾರು ಹಾಕ್ತೀನಿ" ಅಂದರೂ ಪ್ರಯೋಜನ ಇಲ್ಲ. ಬೇಯುವಾಗ ಅದರ ಅಂಶ ನೀರಿಗೆ ಬಿಟ್ಟುಕೊಂಡಿರುತ್ತೆ. ಅಂಗಡೀಲಿ ಸಿಗೋ ಸೂಪಿನ ಪುಡಿ, ಮಸಾಲೆ ಪುಡಿ ಪ್ಯಾಕೆಟ್ಟುಗಳಲ್ಲೂ ಈರುಳ್ಳಿ, ಬೆಳ್ಳುಳ್ಳಿ ಪುಡಿ ಇರುತ್ತೆ. ಅವೂ ಬೇಡ.

ಇದರ ಮೋಸ ಏನಂದ್ರೆ, ತಿಂದ ದಿನ ಏನೂ ಕಾಣೋದಿಲ್ಲ. ಮೂರು, ನಾಲ್ಕು, ಐದು ದಿನ ಕಳೆದ ಮೇಲೆ ಲಕ್ಷಣ ಶುರು. ನಮ್ಮ ಊರಲ್ಲಿ ಮಾರಿಹಬ್ಬ ಆದ ವಾರದಲ್ಲಿ ಒಬ್ಬರ ಮನೆ ನಾಯಿ ಮೂಲೆ ಹಿಡಿದು ಮಲಗಿತು. ಮೂರು ದಿನ ಪೂರ್ತಿ ಅದಕ್ಕೆ ಮಟನ್ ಸಾರಿನ ತಳದ ಗಸಿ ಹಾಕಿದ್ದರು. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಯಾರೋ ಹಾವು ಕಚ್ಚಿದೆ ಅಂದರು, ಇನ್ಯಾರೋ ಮಾಟ ಅಂದರು. ಡಾಕ್ಟರು ಬಂದು ತುಟಿ ಎತ್ತಿ ವಸಡು ನೋಡಿದರು. ಸುಣ್ಣದ ಹಾಗೆ ಬೆಳ್ಳಗಿತ್ತು. "ಯಜಮಾನ್ರೇ, ಹಬ್ಬಕ್ಕೆ ಏನು ಹಾಕಿದ್ರಿ?" ಅಂತ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಆ ನಾಯಿ ಚಿಕಿತ್ಸೆಯಿಂದ ಉಳಿಯಿತು, ಆದರೆ ಮೊದಲಿನ ಹಾಗೆ ಓಡಾಡೋದಕ್ಕೆ ಒಂದು ತಿಂಗಳ ಮೇಲೆ ಹಿಡಿಯಿತು.

ವಸಡು ಬಿಳಿಚುವುದು, ಉಚ್ಚೆ ಕೆಂಪು ಇಲ್ಲವೇ ಕಂದು ಆಗುವುದು, ಸುಮ್ಮನೆ ಮಲಗಿದ್ದಲ್ಲೇ ಏದುಸಿರು, ನಡೆದರೆ ತೂರಾಡುವುದು: ಇಷ್ಟರಲ್ಲಿ ಯಾವುದು ಕಂಡರೂ ಮನೆ ಮದ್ದು ಬೇಡ, ಪಶು ಆಸ್ಪತ್ರೆಗೆ ಹೋಗಿ. ಈರುಳ್ಳಿ ತಿಂದಿದ್ದರೆ ಅದನ್ನ ಮುಚ್ಚಿಡದೆ ಹೇಳಿ.

ಹುಣಸೆ, ಉಪ್ಪು, ಜಿಡ್ಡು

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತೆ ಅಂತ ಮೊದಲಿಂದ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 2022ರಲ್ಲಿ ಅಮೆರಿಕದ ಪಶುವೈದ್ಯರು ಒಂದು ವರದಿ ಪ್ರಕಟಿಸಿದರು. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ದ್ರಾಕ್ಷಿ ತಿಂದವುಗಳ ಹಾಗೇ ಮೂತ್ರಪಿಂಡ ಕೆಟ್ಟಿದ್ದನ್ನು ಅದರಲ್ಲಿ ಬರೆದಿದ್ದಾರೆ. ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಅವರ ಅಭಿಪ್ರಾಯ. ನಮ್ಮ ಸಾರಿಗೆ ಹುಳಿ ಅಂದರೆ ಹುಣಸೆಯೇ. ಹಾಗಾಗಿ ಹುಣಸೆ ಹಿಂಡಿದ ಸಾರು ನಾಯಿಗೆ ಬೇಡ. ಹುಣಸೆ ಕುಟ್ಟುವ ಕಾಲದಲ್ಲಿ ಹಣ್ಣಿನ ರಾಶಿ ಹತ್ತಿರ ನಾಯಿಮರಿ ಕಟ್ಟುವುದೂ ಬೇಡ.

ಉಪ್ಪು ನಾಯಿಗೆ ನಾವು ಬೇರೆ ಹಾಕುವ ಅಗತ್ಯವೇ ಇಲ್ಲ. ಊಟದಲ್ಲಿ ಇರೋದೇ ಅದಕ್ಕೆ ಸಾಕು. ಉಪ್ಪು ಜಾಸ್ತಿ ಹೋದರೆ ಮೊದಲು ದಾಹ, ಆಮೇಲೆ ವಾಂತಿ, ಇನ್ನೂ ಹೆಚ್ಚಾದರೆ ನಡುಕ, ಸೆಳವು. ಬೇಸಿಗೇಲಿ ಕಟ್ಟಿ ಹಾಕಿದ ನಾಯಿಯ ಮುಂದೆ ನೀರಿಲ್ಲದೆ ಉಪ್ಪು ಸಾರು ಹಾಕಿದರೆ ಅಪಾಯ ಬೇಗ ಬರುತ್ತೆ. ಇದೇ ಜಾಗದಲ್ಲಿ ಇನ್ನೊಂದು ಮಾತು: ನಾಯಿ ವಿಷ ತಿಂದರೆ ವಾಂತಿ ಮಾಡಿಸೋಕೆ ಅಂತ ಉಪ್ಪು ನೀರು ಕುಡಿಸುವ ಪದ್ಧತಿ ಹಳ್ಳೀಲಿ ಇದೆ. ಅದನ್ನ ಬಿಟ್ಟುಬಿಡಿ. ವಾಂತಿ ಆಗದೆ ಉಪ್ಪು ಒಳಗೇ ಉಳಿದರೆ ಒಂದು ವಿಷದ ಮೇಲೆ ಇನ್ನೊಂದು ವಿಷ ಹಾಕಿದ ಹಾಗೆ.

ಜಿಡ್ಡಿನ ವಿಷಯ. ಕುರಿ ಕೊಬ್ಬು ತೇಲುವ ರಸವನ್ನು ಒಂದೇ ಸಲ ಹೊಟ್ಟೆ ತುಂಬ ಕುಡಿದರೆ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹೊಟ್ಟೆ ಮುಟ್ಟಿದರೆ ನೋವು, ಬೆನ್ನು ಕಮಾನು ಮಾಡಿ ನಿಲ್ಲೋದು, ಮೇಲಿಂದ ಮೇಲೆ ವಾಂತಿ. ಹಬ್ಬದ ಮಾರನೇ ದಿನ ನಾಯಿ ಹೀಗೆ ಒದ್ದಾಡಿದರೆ ಅಜೀರ್ಣ ಅಂತ ಸುಮ್ಮನೆ ಬಿಡಬಾರದು.

ರಸ ಮಾಡುವ ಕ್ರಮ

ಇದಕ್ಕೆ ದೊಡ್ಡ ವಿದ್ಯೆ ಬೇಡ. ಎರಡು ದಾರಿ ಇದೆ.

ಒಂದನೇ ದಾರಿ: ಮನೆಗೆ ಮಟನ್ ಇಲ್ಲವೇ ಕೋಳಿ ಬೇಯಲು ಇಟ್ಟಾಗ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ ಯಾವುದನ್ನೂ ಹಾಕುವ ಮುಂಚೆ ಬರೀ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಮಾಂಸ ಪೂರ್ತಿ ಬೆಂದ ಮೇಲೆ ಅದರ ನೀರು ಎರಡು ಸೌಟು ಬೇರೆ ಪಾತ್ರೆಗೆ ಬಸಿದಿಡಿ. ಅದು ನಾಯಿ ಪಾಲು. ಆಮೇಲೆ ಮನೆಯವರಿಗೆ ಮಸಾಲೆ ಹಾಕಿಕೊಳ್ಳಿ. ಸಾರು ಆದ ಮೇಲೆ ಉಳಿದಿದ್ದು ನಾಯಿಗೆ ಅನ್ನೋದನ್ನ ಬಿಟ್ಟು, ಸಾರು ಆಗೋ ಮುಂಚೆಯೇ ನಾಯಿ ಪಾಲು ತೆಗೆಯೋ ರೂಢಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪಿತು. ಇದು ಅಡುಗೆ ಮಾಡುವ ಹೆಣ್ಣುಮಕ್ಕಳಿಗೆ ತಿಳಿದಿರಬೇಕು. ಗಂಡಸರು ಓದಿ ಸುಮ್ಮನಾದರೆ ಉಪಯೋಗ ಇಲ್ಲ, ಒಲೆ ಹತ್ತಿರ ಹೇಳಿ.

ಎರಡನೇ ದಾರಿ: ಮಟನ್ ಅಂಗಡೀಲಿ ಸಿಗೋ ಮೂಳೆಯಿಂದ ಬೇರೆಯಾಗಿ ಮಾಡೋದು.

ಅರ್ಧ ಕೆ.ಜಿ. ಮೂಳೆ ತೊಳೆದು 3 ಲೀಟರು ನೀರಿಗೆ ಹಾಕಿ. ಸೌದೆ ಒಲೆ ಆದರೆ ಮೊದಲು ಜೋರು ಉರಿ ಕೊಟ್ಟು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಎರಡರಿಂದ ಮೂರು ಗಂಟೆ ಬಿಡಿ. ನೀರು ಇಂಗಿ ಸುಮಾರು 2 ಲೀಟರಿಗೆ ಬರುತ್ತೆ. ಕುಕ್ಕರಿನಲ್ಲಿ ಮಾಡುವುದಾದರೆ ನೀರು ಇಷ್ಟು ಇಂಗುವುದಿಲ್ಲ, ಎರಡು ಲೀಟರೇ ಹಾಕಿ ಮುಕ್ಕಾಲು ಗಂಟೆ ಬೇಯಿಸಿ. ಬೇಕಾದರೆ ಒಂದು ಕ್ಯಾರೆಟ್, ಒಂದು ಹೋಳು ಸಿಹಿಗುಂಬಳ ಹಾಕಬಹುದು. ಬೇರೆ ಏನೂ ಬೇಡ.

ಇಳಿಸಿದ ಮೇಲೆ ಸಣ್ಣ ಕಣ್ಣಿನ ಜರಡಿ ಅಥವಾ ತೆಳು ಬಟ್ಟೇಲಿ ಸೋಸಿ. ಬಟ್ಟೆ ಯಾಕೆ ಅಂದ್ರೆ, ಸೂಜಿ ಮೊನೆಯಂಥ ಮೂಳೆ ಚೂರು ದೊಡ್ಡ ಕಣ್ಣಿನ ಜರಡೀಲಿ ತೂರಿ ಬರುತ್ತೆ. ಸೋಸಿದ ಪಾತ್ರೆಯನ್ನು ತಣ್ಣೀರು ತುಂಬಿದ ಬೋಸಿಯಲ್ಲಿ ಇಡಿ. ನೀರು ಬಿಸಿಯಾದ ಹಾಗೆ ಬದಲಾಯಿಸಿ. ತಣ್ಣಗಾದ ಮೇಲೆ ಕುರಿ ಕೊಬ್ಬು ಮೇಲೆ ಕೆನೆಯ ಹಾಗೆ ಗಟ್ಟಿ ಕಟ್ಟುತ್ತೆ. ಅದನ್ನ ಚಮಚದಲ್ಲಿ ಎತ್ತಿ ತೆಗೆಯಿರಿ. ಕೋಳಿ ಕೊಬ್ಬು ಅಷ್ಟು ಗಟ್ಟಿಯಾಗಲ್ಲ, ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ಬಳಿದು ತೆಗೆಯಬೇಕು.

ಹಾಕುವ ಮುಂಚೆ ಇನ್ನೊಂದು ಸಲ ಕುದಿಸಿ ಆರಿಸಿ. ಬೆರಳಿಟ್ಟರೆ ಉಗುರು ಬೆಚ್ಚಗೆ ಇರಬೇಕು. ಹಸಿದ ನಾಯಿ ಬಿಸಿ ನೋಡೋದಿಲ್ಲ, ನಾಲಿಗೆ ಸುಟ್ಟುಕೊಂಡು ಎರಡು ದಿನ ಊಟ ಬಿಡುತ್ತೆ.

15 ಕೆ.ಜಿ. ನಾಯಿಗೆ ಒಂದು ಹೊತ್ತಿಗೆ ಒಂದು ಸೌಟು ಸಾಕು. ಅಂದರೆ ಒಂದು ಕಾಫಿ ಲೋಟದಷ್ಟು. ಮುದ್ದೆಯನ್ನು ಚೂರು ಮಾಡಿ ಅದಕ್ಕೆ ರಸ ಸುರಿದು ಕಲಸಿ ಹಾಕಿ. ಮೊದಲ ಸಲ ಹಾಕುವಾಗ ಕಾಲು ಸೌಟಿನಿಂದ ಶುರು ಮಾಡಿ, ಭೇದಿ ಆಗದಿದ್ದರೆ ಹೆಚ್ಚಿಸಿ. ರಸ ಹಾಕಿದ್ದೀವಿ ಅಂತ ನೀರಿನ ಬಟ್ಟಲು ಎತ್ತಬಾರದು. ಅಷ್ಟು ತೂಕದ ನಾಯಿಗೆ ದಿನಕ್ಕೆ ಸುಮಾರು ಮುಕ್ಕಾಲರಿಂದ ಒಂದು ಲೀಟರು ನೀರು ಬೇಕು, ಬಿಸಿಲಲ್ಲಿ ಕುರಿ ಹಿಂದೆ ಓಡುವ ನಾಯಿಗೆ ಇನ್ನೂ ಜಾಸ್ತಿ.

ಬೆಂದ ಮೂಳೆ ಹಾಕಬೇಡಿ

ರಸ ಸೋಸಿದ ಮೇಲೆ ಉಳಿಯುವ ಮೂಳೆಯನ್ನು ನಾಯಿಗೆ ಎಸೆಯೋದು ಎಲ್ಲರ ರೂಢಿ. ಮೂಳೆ ಬೆಂದರೆ ಅದರ ಒಳಗಿನ ಅಂಟು ರಸಕ್ಕೆ ಬಿಟ್ಟು, ಮೂಳೆ ಪೆಡಸಾಗುತ್ತೆ. ಕಚ್ಚಿದರೆ ಒಣ ಬಿದಿರು ಸೀಳಿದ ಹಾಗೆ ಸೀಳಿ ಚೂಪಾಗುತ್ತೆ. ಕೋಳಿ ಕಾಲಿನ ಮೂಳೆಯಂತೂ ದಬ್ಬಳ. ಅದು ಗಂಟಲಲ್ಲಿ ಚುಚ್ಚಬಹುದು, ಕರುಳು ತೂತು ಮಾಡಬಹುದು. ಕುರಿ ಬೆನ್ನುಮೂಳೆ ಚೂರು ಕರುಳಿನಲ್ಲಿ ಅಡ್ಡ ಸಿಕ್ಕರೆ ನಾಯಿ ವಾಂತಿ ಮಾಡುತ್ತೆ, ಹಿಕ್ಕೆ ಹಾಕಲು ತಿಣುಕುತ್ತೆ, ಕೊನೆಗೆ ಆಪರೇಷನ್ನೇ ಆಗಬೇಕು.

ಮೂಳೆಗೆ ಅಂಟಿದ ಮಾಂಸ, ಅಂಟು ನರ ಬಿಡಿಸಿ ಮುದ್ದೆಗೆ ಕಲಸಿ. ಮೂಳೆಯನ್ನು ತಿಪ್ಪೆ ಮೇಲೆ ಎಸೆದರೆ ರಾತ್ರಿ ನಾಯಿ ಹೋಗಿ ಅದನ್ನೇ ಕೆದಕುತ್ತೆ. ಒಂದು ಮೊಣಕಾಲುದ್ದ ಗುಂಡಿ ತೆಗೆದು ತೆಂಗಿನ ಬುಡಕ್ಕೋ ನಿಂಬೆ ಬುಡಕ್ಕೋ ಹೂಳಿ ಮೇಲೆ ಒಂದು ಚಪ್ಪಡಿ ಕಲ್ಲು ಇಡಿ.

ಗಂಟಲಿಗೆ ಕೈ ಹಾಕುವ ಮುಂಚೆ

ಇದನ್ನ ಎಲ್ಲಕ್ಕಿಂತ ಗಮನ ಕೊಟ್ಟು ಓದಿ. ನಾಯಿ ಬಾಯಿ ತೆರೆದುಕೊಂಡು, ಜೊಲ್ಲು ಸುರಿಸುತ್ತಾ, ನುಂಗಲಾರದೆ ಒದ್ದಾಡಿದರೆ ನಮಗೆ ಮೊದಲು ತೋಚೋದು ಮೂಳೆ ಸಿಕ್ಕಿದೆ ಅಂತ. ತಕ್ಷಣ ಬಾಯಿಗೆ ಕೈ ಹಾಕಿ ಹುಡುಕುತ್ತೇವೆ. ಹುಚ್ಚುನಾಯಿ ರೋಗ ಬಂದಾಗಲೂ ಇದೇ ಲಕ್ಷಣ. ಆ ರೋಗ ಬಂದ ನಾಯಿ ಎಲ್ಲಾ ಸಲ ಕಚ್ಚೋಕೆ ಬರಲ್ಲ. ದವಡೆ ಬಿದ್ದು, ಗಂಟಲು ಸೋತು, ಮಂಕಾಗಿ ಕೂತಿರೋದೂ ಉಂಟು. ಅದರ ಜೊಲ್ಲಿನಲ್ಲಿ ರೋಗ ಇರುತ್ತೆ. ನಮ್ಮ ಕೈಯಲ್ಲಿ ಕುಡುಗೋಲು ತಾಗಿದ ಗೀರು, ಮುಳ್ಳು ತರಚಿದ ಗಾಯ ಯಾವಾಗಲೂ ಇದ್ದೇ ಇರುತ್ತೆ. ಅಲ್ಲಿಂದ ಒಳಗೆ ಹೋಗೋಕೆ ಅಷ್ಟು ಸಾಕು. ಮನುಷ್ಯನಿಗೆ ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ಆದ್ದರಿಂದ ಕೈ ಹಾಕಬೇಡಿ. ಬಾಯಲ್ಲಿ ನೀರು ಹುಯ್ಯಬೇಡಿ. ಮಕ್ಕಳನ್ನು ದೂರ ಕಳಿಸಿ, ನಾಯಿಯನ್ನು ಒಂದು ಕಡೆ ಕೂಡಿ, ಡಾಕ್ಟರಿಗೆ ಹೇಳಿ ಕಳಿಸಿ. ಆಗಲೇ ಕೈ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ವಿಚಾರಿಸಿ. ಅರಿಶಿನ, ಮೆಣಸಿನಪುಡಿ ಮೆತ್ತಿಕೊಂಡು ಮನೇಲಿ ಕೂರಬೇಡಿ. ವರ್ಷ ವರ್ಷ ನಾಯಿಗೆ ಹುಚ್ಚಿನ ಲಸಿಕೆ ಹಾಕಿಸಿದ್ದರೆ ಈ ಭಯ ಬಹಳ ಕಡಿಮೆ.

ಹಸಿ ತಲೆ, ಹಸಿ ಲಿವರು: ನಾಯಿಯಿಂದ ಕುರಿಗೆ

ಕುರಿ ಕೊಯ್ದಾಗ ಮನುಷ್ಯರಿಗೆ ಬೇಡವಾದ ಲಿವರಿನ ಚೂರು, ಶ್ವಾಸಕೋಶ, ಒಡೆದ ತಲೆಯ ಮಿದುಳು ಎಲ್ಲಾ ಅಲ್ಲೇ ಕಾದು ಕೂತ ನಾಯಿಗಳಿಗೆ ಹಸಿಯಾಗಿ ಎಸೆಯುತ್ತೇವೆ. ಕುರಿ ಸಾಕುವವರು ಇದರ ಸುತ್ತು ತಿಳಿದಿರಬೇಕು.

ಕೆಲವು ಕುರಿಗಳ ಲಿವರು, ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಇರೋದನ್ನ ನೀವು ನೋಡಿರಬಹುದು. ನಿಂಬೆಕಾಯಿ ಗಾತ್ರ ಇರುತ್ತೆ, ಕೆಲವು ಸಲ ಇನ್ನೂ ದೊಡ್ಡದು. ಅದು ಹೈಡಾಟಿಡ್ ಗುಳ್ಳೆ. ಅದರೊಳಗೆ ಒಂದು ಜಾತಿ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿ ಅದನ್ನ ಹಸಿಯಾಗಿ ತಿಂದರೆ ಮರಿಗಳು ನಾಯಿ ಕರುಳಲ್ಲಿ ಹುಳುವಾಗುತ್ತವೆ. ಒಂದೊಂದು ಹುಳು ಕೆಲವೇ ಮಿಲಿಮೀಟರು, ಕಣ್ಣಿಗೆ ಸರಿಯಾಗಿ ಕಾಣಲ್ಲ, ನಾಯಿಯೂ ಸೊರಗಲ್ಲ. ಆದರೆ ನಾಯಿ ಹೇಲಿನಲ್ಲಿ ಮೊಟ್ಟೆ ಹೊರಗೆ ಬರುತ್ತೆ. ಅದು ಬಿದ್ದ ಹುಲ್ಲು ತಿಂದ ಕುರಿಗೆ ಮತ್ತೆ ಗುಳ್ಳೆ. ಅದೇ ಮೊಟ್ಟೆ ನಾಯಿ ಮೈ ಸವರಿದ ಕೈಯಿಂದ, ತೊಳೆಯದ ಸೊಪ್ಪಿನಿಂದ ಮನುಷ್ಯರ ಹೊಟ್ಟೆಗೆ ಹೋದರೆ ನಮ್ಮ ಲಿವರಿನಲ್ಲೇ ಗುಳ್ಳೆ ಬೆಳೆಯುತ್ತೆ. ವರ್ಷಗಟ್ಟಲೆ ಗೊತ್ತಾಗದೆ ಬೆಳೆದು, ಕೊನೆಗೆ ಆಪರೇಷನ್ನಿಗೆ ಬರುತ್ತೆ.

ಇನ್ನೊಂದು ಲಾಡಿಹುಳು ಕುರಿಯ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತೆ. ಆ ಕುರಿ ಮಂದೆ ಬಿಟ್ಟು ಒಂದೇ ಕಡೆಗೆ ಗಿರಗಿರ ಸುತ್ತುತ್ತೆ, ತಲೆ ಓರೆ ಮಾಡುತ್ತೆ, ಕಣ್ಣು ಕಾಣದೆ ಗೋಡೆಗೆ ಹಾಯುತ್ತೆ. ಹತ್ತು ಸಾವಿರದ ಕುರಿ ಕಣ್ಣ ಮುಂದೆ ಹಾಳಾಗುತ್ತೆ. ಅದು ಸಾಯುವ ಮುಂಚೆ ಕೊಯ್ದು, ತಲೆ ಒಡೆದು ನಾಯಿಗೆ ಹಾಕಿದರೆ ಏನಾಯಿತು? ಮುಂದಿನ ವರ್ಷದ ಕಾಯಿಲೆಯನ್ನು ನಮ್ಮ ಕೈಯಾರೆ ಬಿತ್ತಿದ ಹಾಗಾಯಿತು. (ಕುರಿ ಸುತ್ತೋದಕ್ಕೆ ಬೇರೆ ರೋಗವೂ ಕಾರಣ ಇರಬಹುದು. ಮೊದಲು ಡಾಕ್ಟರಿಗೆ ತೋರಿಸಿ.)

ಇದಕ್ಕೆ ಪರಿಹಾರ ಒಲೆಯ ಮೇಲೆಯೇ ಇದೆ. ಲಿವರು, ಶ್ವಾಸಕೋಶವನ್ನು ಅರ್ಧ ಗಂಟೆ ಕುದಿಸಿದರೆ ಗುಳ್ಳೆಯೊಳಗಿನ ಮರಿಗಳು ಸಾಯುತ್ತವೆ. ಕುದಿ ಬಂದ ಮೇಲೆ ಅರ್ಧ ಗಂಟೆ ಅಂತ ಲೆಕ್ಕ, ಒಲೆ ಮೇಲೆ ಇಟ್ಟಾಗಿನಿಂದ ಅಲ್ಲ. ದಪ್ಪ ತುಂಡು, ಇಡೀ ತಲೆ ಆದರೆ ಒಳಗೆ ಬೇಗ ಬೇಯಲ್ಲ, ಸಣ್ಣಗೆ ಕೊಚ್ಚಿ ಒಂದು ಗಂಟೆ ಬೇಯಿಸಿ. ಗುಳ್ಳೆ ಕಣ್ಣಿಗೆ ಕಂಡ ಅಂಗವನ್ನು ಬೇಯಿಸುವ ತಂಟೆಯೇ ಬೇಡ, ಆಳವಾಗಿ ಹೂಳಿ ಇಲ್ಲವೇ ಸುಡಿ.

ಜೊತೆಗೆ ನಾಯಿಗೆ ಲಾಡಿಹುಳುವಿನ ಮಾತ್ರೆ ಕೊಡಿಸಬೇಕು. ಎಲ್ಲಾ ಜಂತುಹುಳು ಮಾತ್ರೆ ಇದಕ್ಕೆ ನಾಟಲ್ಲ. ಪ್ರಾಜಿಕ್ವಾಂಟೆಲ್ ಅನ್ನೋ ಔಷಧ ಇರೋ ಮಾತ್ರೆ ಬೇಕು ಅಂತ ಹೆಸರು ಬರೆದುಕೊಂಡು ಹೋಗಿ ಕೇಳಿ. ನಾಯಿ ತೂಕಕ್ಕೆ ತಕ್ಕ ಹಾಗೆ ಡಾಕ್ಟರು ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಸಲವಾದರೂ ಕೊಡಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತ್ರೆ ಕೊಟ್ಟ ಒಂದೆರಡು ದಿನ ನಾಯಿ ಕಟ್ಟಿ ಹಾಕಿ, ಅದರ ಹೇಲು ಹೂಳಿ. ಮಕ್ಕಳಿಗೆ ನಾಯಿ ಮುಟ್ಟಿ ಆಡಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರುವ ಅಭ್ಯಾಸ ಮಾಡಿಸಿ.

ಸತ್ತ ಪ್ರಾಣಿಯಿಂದ ರಸ ಬೇಡ

ಕೊಯ್ದ ಕುರಿ ಬೇರೆ, ಸತ್ತ ಕುರಿ ಬೇರೆ. ಇದ್ದಕ್ಕಿದ್ದ ಹಾಗೆ ಸತ್ತು, ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಒಸರಿದ ಪ್ರಾಣಿ ನೆರಡಿ ರೋಗದ್ದು ಇರಬಹುದು. ಅಂಥ್ರಾಕ್ಸ್ ಅನ್ನೋದು ಅದನ್ನೇ. ಅದನ್ನ ಕೊಯ್ಯಬಾರದು, ಚರ್ಮ ಸುಲಿಯಬಾರದು, ನಾಯಿಗೆ ಬಿಡಬಾರದು. ಅದರ ಬೀಜಾಣು ಮಣ್ಣಿನಲ್ಲಿ ಎಷ್ಟೋ ವರ್ಷ ಬದುಕಿರುತ್ತೆ, ಕೊಯ್ದವರಿಗೂ ಬರುತ್ತೆ. ಹೇಗೂ ಬೇಯಿಸ್ತೀವಲ್ಲ ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ. ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದ ಹಾಗೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಕುರಿ, ಮೇಕೆ ಕಂದು ಹಾಕಿದರೆ ಆ ಮರಿ, ಸತ್ತೆ ಇವನ್ನೂ ನಾಯಿಗೆ ಬಿಡಬೇಡಿ. ಕಂದು ರೋಗ ನಾಯಿಗೂ ಹತ್ತುತ್ತೆ, ಬರಿಗೈಲಿ ಎತ್ತಿದ ಮನುಷ್ಯರಿಗೂ ಹತ್ತುತ್ತೆ. ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಎತ್ತಿ ಹೂಳಿ.

ಹುಳಿ ಬಂದ ರಸ ಅಂಬಲಿ ಅಲ್ಲ

ಅಂಬಲಿ ರಾತ್ರಿ ಇಟ್ಟು ಬೆಳಿಗ್ಗೆ ಹುಳಿ ಬಂದರೆ ನಾವು ಖುಷಿಯಿಂದ ಕುಡಿಯುತ್ತೇವೆ. ಮೂಳೆ ರಸವೂ ಹಾಗೇ ಅಂತ ತಿಳಿಯಬಾರದು. ಮಾಂಸದ ನೀರಿನಲ್ಲಿ ಬೆಳೆಯೋದು ಬೇರೆ ಜಾತಿ ಸೂಕ್ಷ್ಮಜೀವಿ. ಬೆಚ್ಚಗೆ ಮುಚ್ಚಿಟ್ಟ ರಸ ಅವಕ್ಕೆ ಹದ ಮಾಡಿದ ಹೊಲ ಇದ್ದ ಹಾಗೆ. ಅವು ಬಿಟ್ಟ ಕೆಲವು ವಿಷ ಮತ್ತೆ ಕುದಿಸಿದರೂ ಹೋಗೋದಿಲ್ಲ.

ಫ್ರಿಜ್ಜು ಇಲ್ಲದ ಮನೇಲಿ ಬೆಳಿಗ್ಗೆ ಮಾಡಿದ್ದನ್ನು ಬೇಗ ತಣ್ಣಗೆ ಮಾಡಿ ಮಧ್ಯಾಹ್ನದೊಳಗೆ ಖರ್ಚು ಮಾಡಿ. ಬೇಸಿಗೇಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಇಟ್ಟಿದ್ದನ್ನು ಹಾಕದಿರೋದು ಕ್ಷೇಮ. ಫ್ರಿಜ್ಜು ಇದ್ದರೆ ಮೂರು ದಿನ ಇಡಬಹುದು. ಒಂದೊಂದು ಹೊತ್ತಿಗೆ ಬೇಕಾದಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟರೆ ಎಲ್ಲವನ್ನೂ ಪದೇ ಪದೇ ಬಿಸಿ ಮಾಡುವ ಕೆಲಸ ಇಲ್ಲ. ಅದಕ್ಕಿಂತ ಸುಲಭ ಅಂದ್ರೆ ಕಡಿಮೆ ಮಾಡೋದು. ಉಳಿದಿದ್ದನ್ನ ದಂಡ ಆಗುತ್ತೆ ಅಂತ ಹಾಕಿದರೆ ಆಮೇಲೆ ಡಾಕ್ಟರ ಖರ್ಚೇ ದಂಡ. ನಾಯಿ ಬಟ್ಟಲನ್ನೂ ದಿನಾ ಬೂದಿ ಹಾಕಿ ಉಜ್ಜಬೇಕು.

ಕಾಯಿಲೆ ಬಿದ್ದ ನಾಯಿಗೆ

ಜ್ವರ ಬಂದು ಇಳಿದ ನಾಯಿ, ಮರಿ ಹಾಕಿದ ನಾಯಿ, ಹಲ್ಲು ಬಿದ್ದ ಮುದಿ ನಾಯಿ ಮುದ್ದೆ ಮೂಸಿ ಬಿಟ್ಟಾಗ ಜಿಡ್ಡು ತೆಗೆದ ಬೆಚ್ಚನೆ ರಸ ಇಟ್ಟರೆ ವಾಸನೆಗೆ ಎದ್ದು ಬಂದು ನೆಕ್ಕುತ್ತೆ. ಅದಾಗಿ ನೆಕ್ಕಿದರೆ ಕೊಡಿ. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕಿದ ಹಾಗೆ ನಾಯಿ ಬಾಯಿ ಎತ್ತಿ ರಸ ಹುಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಇದ್ದ ಕಾಯಿಲೆಗಿಂತ ದೊಡ್ಡ ಕಾಯಿಲೆ ಆಗುತ್ತೆ.

ಮರಿಗಳಿಗೆ ವಾಂತಿ, ರಕ್ತ ಬೆರೆತ ನಾರುವ ಭೇದಿ ಶುರುವಾದರೆ ಅದು ಪಾರ್ವೊ ರೋಗ ಇರಬಹುದು. ಅದಕ್ಕೆ ರಸ ಔಷಧ ಅಲ್ಲ. ಮೈಯ ನೀರು ಗಂಟೆ ಗಂಟೆಗೂ ಇಳಿಯುತ್ತಿರುತ್ತೆ, ಡ್ರಿಪ್ ಹಾಕಿಸಬೇಕು. ನಾಳೆ ನೋಡೋಣ ಅಂದರೆ ಮರಿ ಉಳಿಯೋದು ಕಷ್ಟ. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ರಸದಲ್ಲಿ ಅರೆದು ಹಾಕೋದೂ ಬೇಡ.

ರಸದಲ್ಲಿ ಏನಿದೆ, ಏನಿಲ್ಲ

ಮೂಳೆ ರಸದಲ್ಲಿ ಮೂಳೆಯ ಸುಣ್ಣವೆಲ್ಲ ಇಳಿದಿರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಸುಣ್ಣ ಮೂಳೆಯಲ್ಲೇ ಉಳಿಯುತ್ತೆ, ನೀರಿಗೆ ಬರೋದು ಬಹಳ ಕಡಿಮೆ. ಅದಕ್ಕಿಂತ ನಮ್ಮ ರಾಗಿ ಮೇಲು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶ ಇದೆ. ರಸದಲ್ಲಿ ಇರೋದು ನೀರು, ಸ್ವಲ್ಪ ಅಂಟು, ರುಚಿ, ವಾಸನೆ. ಬರೀ ರಸದ ಮೇಲೆ ನಾಯಿ ಬದುಕಲ್ಲ. ಮುದ್ದೆ ಮತ್ತು ರಸಕ್ಕೆ ವಾರದಲ್ಲಿ ಕೆಲವು ದಿನ ಒಂದು ಬೆಂದ ಮೊಟ್ಟೆಯೋ, ಬಿಡಿಸಿದ ಮಾಂಸದ ಚೂರೋ ಸೇರಿದರೆ ಕಾವಲು ನಾಯಿಗೆ ಕಸುವು ಬರುತ್ತೆ.

ಮಾಂಸ ಮಾಡದ ಮನೆಯವರು ಬೇಳೆ ಕಟ್ಟು, ಹುರುಳಿ ಕಟ್ಟು ಹಾಕಬಹುದು. ಕ್ರಮ ಅದೇ. ಬಸ್ಸಾರಿಗೆ ಬೇಳೆ ಬೇಯಿಸಿ ಕಟ್ಟು ಬಸಿದ ಕೂಡಲೇ ಉಪ್ಪು, ಹುಳಿ, ಈರುಳ್ಳಿ, ಬೆಳ್ಳುಳ್ಳಿ ಸೇರುವ ಮುಂಚೆ ಒಂದು ಸೌಟು ತೆಗೆದಿಡಿ, ಬೆಂದ ಬೇಳೆಯೂ ಎರಡು ಚಮಚ ಇರಲಿ. ಮಜ್ಜಿಗೆ ಒಗ್ಗುವ ನಾಯಿಗೆ ಉಪ್ಪಿಲ್ಲದ ನೀರು ಮಜ್ಜಿಗೆಯೂ ಆಗುತ್ತೆ.

ಒಲೆ ಹತ್ತಿರ ಬರೆದಿಡಲು

1. ನಾಯಿ ಪಾಲು ಮಸಾಲೆಗೆ ಮುಂಚೆ.
2. ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಉಪ್ಪು, ಖಾರ ಬೇಡ. ದ್ರಾಕ್ಷಿ, ಚಾಕೊಲೇಟೂ ಬೇಡ.
3. ಬಟ್ಟೇಲಿ ಸೋಸಿ, ಜಿಡ್ಡು ತೆಗೆದು, ಉಗುರು ಬೆಚ್ಚಗೆ ಹಾಕಿ.
4. ಬೆಂದ ಮೂಳೆ ಹೂಳಿ.
5. ತಲೆ, ಲಿವರು, ಶ್ವಾಸಕೋಶ ಹಸಿಯಾಗಿ ಎಸೆಯಬೇಡಿ. ಗುಳ್ಳೆ ಇದ್ದರೆ ಹೂಳಿ ಅಥವಾ ಸುಡಿ.
6. ಸತ್ತ ಪ್ರಾಣಿ ನಾಯಿಗೆ ಬೇಡ.
7. ಹಳಸಿದ್ದು ಚೆಲ್ಲಿ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ.
8. ಜೊಲ್ಲು ಸುರಿಸುವ ನಾಯಿ ಬಾಯಿಗೆ ಕೈ ಹಾಕಬೇಡಿ.
9. ವರ್ಷಕ್ಕೆ ಒಂದು ಸಲ ಹುಚ್ಚಿನ ಲಸಿಕೆ, ನಾಲ್ಕು ಸಲ ಲಾಡಿಹುಳು ಮಾತ್ರೆ.

ಒಂದು ಊರಲ್ಲಿ ಒಬ್ಬರು ಮಾತ್ರ ಇದನ್ನ ಮಾಡಿದರೆ ಪೂರ್ತಿ ಫಲ ಸಿಗಲ್ಲ. ಪಕ್ಕದ ಮನೆ ನಾಯಿಯೂ ನಮ್ಮ ರೊಪ್ಪದ ಸುತ್ತ ತಿರುಗುತ್ತೆ, ನಮ್ಮ ಕುರಿಯೂ ಅವರ ಬದುವಿನಲ್ಲಿ ಮೇಯುತ್ತೆ. ಹಬ್ಬಕ್ಕೆ ಮುಂಚೆ ಹಟ್ಟಿಯ ನಾಲ್ಕು ಜನ ಕೂತು, ಕುರಿ ಕೊಯ್ಯುವ ಜಾಗದ ಹತ್ತಿರ ಒಂದು ಆಳದ ಗುಂಡಿ ತೆಗೆಸಿ, ಹಸಿ ಅಂಗ ಎಸೆಯಬಾರದು ಅಂತ ಮಾತಾಡಿಕೊಂಡರೆ ಒಂದು ದಿನದ ಕೆಲಸ. ಕುರಿ ಹಟ್ಟಿಗಳಲ್ಲಿ ನಾಯಿ ಊಟಕ್ಕೆ ಬೇರೆ ಒಳ್ಳೆ ಕ್ರಮ ಇಟ್ಟುಕೊಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ಉಪಯೋಗ ಆಗುತ್ತೆ.